ದಾರಿಯ ರುಚಿ ನೋಡಿದರೆ ವ್ರತಕ್ಕೆ ಭಂಗವೇ?



ಹೋದ ವಾರ ಗುಂಪಿನಲ್ಲಿ ಪುಣೆಯ ಒಬ್ಬ ಕನ್ನಿಸ್ವಾಮಿ ಒಂದು ಪ್ರಶ್ನೆ ಹಾಕಿದ್ದರು. ರೈಲಿನ ಟಿಕೆಟ್ ಸಿಗಲಿಲ್ಲ, ಹನ್ನೆರಡು ಜನ ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ರಸ್ತೆಯಲ್ಲೇ ಹೊರಟಿದ್ದಾರಂತೆ. "ಬೆಳಗಾವಿಯಲ್ಲಿ ಕುಂದಾ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಕೇರಳದಲ್ಲಿ ಪುಟ್ಟು, ಪಳಂಪೊರಿ, ಎಲ್ಲ ರುಚಿ ನೋಡಬೇಕು ಅಂತ ಆಸೆ. ಕೊರಳಲ್ಲಿ ಮಾಲೆ ಇರುವಾಗ ಹೀಗೆ ಆಸೆಪಡುವುದು ತಪ್ಪಾ ಸ್ವಾಮಿ?" ಎಂದು ಕೇಳಿದ್ದರು.

ಎರಡು ಉತ್ತರ ಬಂದವು. ಹಿರಿಯರೊಬ್ಬರು, "ಹೊರಟಿರುವುದು ಯಾತ್ರೆಗೋ ತಿಂಡಿ ತಿನ್ನುವುದಕ್ಕೋ, ಮೊದಲು ತೀರ್ಮಾನ ಮಾಡಿಕೊಳ್ಳಿ" ಎಂದರು. ಇನ್ನೊಬ್ಬರು, "ಸಸ್ಯಾಹಾರ ಆದರೆ ಸಾಕು, ಹೊಟ್ಟೆ ತುಂಬಾ ತಿನ್ನಿ, ಅಯ್ಯಪ್ಪ ಏನೂ ಅನ್ನಲ್ಲ" ಎಂದರು. ಕೇಳಿದ ಹುಡುಗ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದ. ಆ ಮೌನ ನನಗೆ ಸರಿಬರಲಿಲ್ಲ. ಆತ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಹತ್ತೊಂಬತ್ತು ವರ್ಷದಿಂದ ಮಾಲೆ ಹಾಕುತ್ತಿರುವ ನಾನೇ ಅದರಲ್ಲಿ ಒಮ್ಮೆ ಜಾರಿಬಿದ್ದಿದ್ದೇನೆ. ಅದಕ್ಕೇ ಈ ವಾರದ ಬರಹ ಅದರ ಬಗ್ಗೆ.

ಮೊದಲೇ ಒಂದು ಮಾತು. ನಿಮ್ಮ ಗುರುಸ್ವಾಮಿ ಏನು ನಿಯಮ ಹಾಕಿದ್ದಾರೋ ಅದೇ ನಿಮ್ಮ ನಿಯಮ. ಕೆಲವರ ತಂಡದಲ್ಲಿ ಹೋಟೆಲಿನ ನೀರೂ ಮುಟ್ಟುವುದಿಲ್ಲ. ಕೆಲವರಲ್ಲಿ ಈರುಳ್ಳಿ ಬೆಳ್ಳುಳ್ಳಿ ಮಾತ್ರ ಇಲ್ಲ. ಕೆಲವರು ಸ್ನಾನ, ಪೂಜೆ, ಶರಣು ಕರೆಯುವುದು ಮುಗಿದ ಮೇಲೆ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮಾಡುತ್ತಾರೆ. ಅದನ್ನು ಬದಲಿಸಲು ನಾನು ಯಾರೂ ಅಲ್ಲ. ನನ್ನ ವಿಚಾರ ಇರುವುದು ಆ ನಿಯಮದ ಒಳಗೆ. ಎಲ್ಲವನ್ನೂ ಪಾಲಿಸಿದ ಮೇಲೂ, ಎದುರಿಗಿರುವ ತಟ್ಟೆ ಬಹಳ ರುಚಿಯಾಗಿದೆ ಎಂದು ನಾಲಿಗೆ ಖುಷಿಪಟ್ಟರೆ ಅದು ತಪ್ಪೇ?

ಇರುಮುಡಿಯನ್ನೇ ನೋಡಿ. ಮುಂದಿನ ಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ, ಅಕ್ಕಿ, ಬೆಲ್ಲ, ಕರ್ಪೂರ. ಅದು ಸ್ವಾಮಿಯದು. ಹಿಂದಿನ ಮುಡಿ ನಮ್ಮದು. ಕಾಡುದಾರಿಯಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ ದಾರಿಯ ಬುತ್ತಿ ಇರುತ್ತಿದ್ದದ್ದು ಅಲ್ಲೇ. ದೇವರ ತುಪ್ಪ, ಭಕ್ತನ ಅವಲಕ್ಕಿ, ಎರಡೂ ಒಂದೇ ಬಟ್ಟೆಯಲ್ಲಿ, ಒಂದೇ ತಲೆಯ ಮೇಲೆ. ಹಸಿವು ನಾಚಿಕೆಯ ವಿಷಯ ಎಂದು ನಮ್ಮ ಹಿರಿಯರು ಭಾವಿಸಿದ್ದರೆ ಹೀಗೆ ಕಟ್ಟುತ್ತಿರಲಿಲ್ಲ. ನಾವು ಅಯ್ಯಪ್ಪನನ್ನು ಕರೆಯುವುದೇ ಅನ್ನದಾನ ಪ್ರಭು ಎಂದು. ಮನೆಗೆ ತರುವ ಪ್ರಸಾದ ಅರವಣ, ಅಂದರೆ ಕೆಂಪಕ್ಕಿ, ಬೆಲ್ಲ, ತುಪ್ಪದ ಪಾಯಸ. ಅದರ ಡಬ್ಬಿ ತೆರೆದಾಗ ಮನೆಯ ಮಕ್ಕಳು ಸಾಲು ನಿಲ್ಲುವುದು ಅದು ಪ್ರಸಾದ ಎಂಬ ಒಂದೇ ಕಾರಣಕ್ಕಲ್ಲ, ರುಚಿಗೂ ಹೌದು.

ಇನ್ನು ಶಾಸ್ತ್ರ. ಸಾತ್ವಿಕ ಎಂದರೆ ಸಪ್ಪೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಓದಿ ನೋಡಿ. ಸಾತ್ವಿಕ ಆಹಾರಕ್ಕೆ ಅಲ್ಲಿ ಹೇಳಿರುವ ಗುಣಗಳಲ್ಲಿ ರಸವತ್ತಾಗಿರುವುದು, ಮನಸ್ಸಿಗೆ ಹಿತವಾಗಿರುವುದು, ಸುಖ ಮತ್ತು ಪ್ರೀತಿ ಹೆಚ್ಚಿಸುವುದು ಎಲ್ಲ ಇವೆ. ರಸ ಹೋದ, ಹಳಸಿದ ಅಡುಗೆಯನ್ನು ಇಟ್ಟಿರುವುದು ತಾಮಸದ ಪಟ್ಟಿಯಲ್ಲಿ. ಆದ್ದರಿಂದ ರುಚಿಯೇ ಶತ್ರು ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಆ ಹಿರಿಯರು ಎಚ್ಚರಿಸಿದ್ದು ಸುಳ್ಳೇ? ಅದೂ ಅಲ್ಲ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಯದು ಮಹಾರಾಜನಿಗೆ ಒಬ್ಬ ಅವಧೂತ ತನ್ನ 24 ಗುರುಗಳ ವಿಷಯ ಹೇಳುತ್ತಾನೆ. ಭೂಮಿ, ಗಾಳಿ, ನೀರು, ಪಾರಿವಾಳ, ಜೇಡ, ಹೀಗೆ. ಅದರಲ್ಲಿ ಮೂರು ಗುರುಗಳು ಊಟದ ಪಾಠ ಹೇಳುತ್ತಾರೆ: ಮೀನು, ಜೇನು, ಹೆಬ್ಬಾವು. ರಸ್ತೆಯಲ್ಲಿ ಯಾತ್ರೆ ಹೊರಟವರಿಗೆ ಈ ಮೂವರು ಸಾಕು ಎಂದು ನನಗೆ ಅನ್ನಿಸುತ್ತದೆ.

ಮೊದಲು ಮೀನು. ಗಾಳಕ್ಕೆ ಸಿಕ್ಕಿಸಿದ ತುಣುಕಿನ ಆಸೆಗೆ ಬಾಯಿ ಹಾಕಿ ಪ್ರಾಣ ಕಳೆದುಕೊಳ್ಳುತ್ತದೆ. ಅಲ್ಲಿ ಅವಧೂತ ಇನ್ನೊಂದು ಸೂಕ್ಷ್ಮ ಹೇಳುತ್ತಾನೆ. ಉಪವಾಸ ಮಾಡಿದರೆ ಬೇರೆ ಇಂದ್ರಿಯಗಳು ತಣ್ಣಗಾಗುತ್ತವೆ, ನಾಲಿಗೆಯ ಆಸೆ ಮಾತ್ರ ಹೆಚ್ಚುತ್ತದೆ. ಇದು ಎಷ್ಟು ನಿಜ ಎಂದು ತಿಳಿಯಲು ವಾಪಸು ಬರುವ ಗಾಡಿಯಲ್ಲಿ ಕೂತು ನೋಡಿ. ಮಾಲೆ ಇನ್ನೂ ಕೊರಳಲ್ಲೇ ಇರುತ್ತದೆ, ಮನೆಗೆ ಹೋಗಿ ಬಿಚ್ಚಿದ ಮೇಲೆ ಏನೇನು ತಿನ್ನಬೇಕು ಎಂಬ ಚರ್ಚೆ ಪಂಪೆ ದಾಟುವ ಮೊದಲೇ ಶುರುವಾಗಿರುತ್ತದೆ. 41 ದಿನ ಬಾಯಿಗೆ ಬೀಗ ಹಾಕಿದ್ದೆವು ಅಷ್ಟೇ, ಒಳಗಿನ ಮೀನು ಹಾಗೇ ಇತ್ತು.

ನಮ್ಮ ಗಾಡಿಯಲ್ಲೂ ಒಂದು ವರ್ಷ ಈ ಮೀನು ಬಂದಿತ್ತು. ಫೋನಿನಲ್ಲಿ ನೋಡಿದ ಒಂದು ಹೆಸರಾಂತ ತಿಂಡಿಯ ಜಾಗ ಹುಡುಕಿಕೊಂಡು ಹೆದ್ದಾರಿ ಬಿಟ್ಟು ಊರೊಳಗೆ ಹೋದೆವು. ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿ, ಗಾಡಿ ನಿಲ್ಲಿಸಲು ಜಾಗವಿಲ್ಲ, ಕೊನೆಗೆ ಸಿಕ್ಕಾಗ ಅಲ್ಲಿ ದೊಡ್ಡ ಸಾಲು. ಒಂದೂವರೆ ಗಂಟೆ ಹೋಯಿತು. ಹಿಂದಿನ ಸೀಟಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯ ಸ್ವಾಮಿಯೊಬ್ಬರು ಕೈ ನಡುಗುತ್ತಿದ್ದರೂ ಬಾಯಿಬಿಡದೆ ಕೂತಿದ್ದರು. ನಮಗೆ ಗೊತ್ತಾದದ್ದು ಅವರ ಮುಖದ ಮೇಲೆ ಬೆವರು ಕಂಡಾಗ. ಯಾರೋ ಬಾಳೆಹಣ್ಣು ಕೊಟ್ಟರು, ಸುಧಾರಿಸಿಕೊಂಡರು. ತಿಂಡಿ ನಿಜವಾಗಿಯೂ ಚೆನ್ನಾಗಿತ್ತು. ಅದಕ್ಕೆ ಕೊಟ್ಟ ಬೆಲೆ ಮಾತ್ರ ಬಿಲ್ಲಿನಲ್ಲಿ ಇರಲಿಲ್ಲ. ಈರುಳ್ಳಿ ಹಾಕಿಲ್ಲವಲ್ಲ ಎಂದು ಅಡುಗೆಯವರನ್ನು ಮೂರು ಸಲ ಕೇಳಿದ್ದ ನಾವು, ನಿಮಗೆ ಹಸಿವಾಗಿದೆಯಾ ಸ್ವಾಮಿ ಎಂದು ಅವರನ್ನು ಒಂದು ಸಲವೂ ಕೇಳಿರಲಿಲ್ಲ.

ಎರಡನೆಯ ಗುರು ಜೇನು. ದೊಡ್ಡ ಹೂವೋ ಸಣ್ಣ ಹೂವೋ, ಎಲ್ಲದರಿಂದಲೂ ಸಾರ ತೆಗೆದುಕೊಳ್ಳುತ್ತದೆ. ಒಂದೇ ಹೂವನ್ನು ಹಿಂಡಿಬಿಡುವುದಿಲ್ಲ. ಸನ್ಯಾಸಿಗಳು ಹಲವು ಮನೆಗಳಲ್ಲಿ ಒಂದೊಂದು ತುತ್ತು ಬೇಡಿ ಉಣ್ಣುವ ಕ್ರಮಕ್ಕೆ ಮಧುಕರಿ ಎಂದು ಹೆಸರು ಬಂದದ್ದು ಇಲ್ಲಿಂದ. ಊರೂರಿನ ರುಚಿ ನೋಡುವ ಆಸೆಗೆ ಶಾಸ್ತ್ರದಲ್ಲಿ ಆಧಾರ ಬೇಕಿದ್ದರೆ ಇದೇ ನೋಡಿ. ಆದರೆ ಅವಧೂತ ಜೇನಿನಿಂದಲೇ ಇನ್ನೊಂದು ಪಾಠವನ್ನೂ ಕಲಿಯುತ್ತಾನೆ: ಕೂಡಿಡಬಾರದು. ಕೂಡಿಟ್ಟ ಜೇನು ಕೂಡಿಟ್ಟದ್ದರ ಜೊತೆಗೇ ನಾಶವಾಗುತ್ತದೆ. ಇವತ್ತು ನಾವು ಕೂಡಿಡುವುದು ಫೋಟೋಗಳನ್ನು. ಬೆಣ್ಣೆ ದೋಸೆ ತಟ್ಟೆಗೆ ಬಂದು, ನಾಲ್ಕು ಕೋನದಿಂದ ಫೋಟೋ ಆಗಿ, ಬೆಣ್ಣೆ ಕರಗಿ, ಅರ್ಧ ತಿಂದು, ಮುಂದಿನ ಊರಿನ ತಿಂಡಿಗೆ ಹೊಟ್ಟೆಯಲ್ಲಿ ಜಾಗ ಬೇಕೆಂದು ಇನ್ನರ್ಧ ಹಾಗೇ ಬಿಟ್ಟು ಏಳುವುದಿದೆಯಲ್ಲ, ಅದು ಜೇನಿನ ಕೆಲಸವಲ್ಲ.

ಒಂದೊಂದು ಊರಿನ ತಿಂಡಿಯ ಹಿಂದೆ ಯಾರದೋ ಬದುಕು ಇರುತ್ತದೆ. ಬೆಣ್ಣೆ ದೋಸೆಯನ್ನೇ ತೆಗೆದುಕೊಳ್ಳಿ. ಬೆಳಗಾವಿ ಕಡೆಯಿಂದ 1928ರ ಸುಮಾರಿಗೆ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬಂದ ಚೆನ್ನಮ್ಮ ಎಂಬ ತಾಯಿ ಹೊಟ್ಟೆಪಾಡಿಗೆ ದೋಸೆ ಹಾಕಲು ಶುರುಮಾಡಿದ್ದು ಅದರ ಮೂಲ ಎಂದು ಅಲ್ಲಿ ಹೇಳುತ್ತಾರೆ. ಊರು ಬಿಟ್ಟು ಬಂದವರೊಬ್ಬರ ಒಲೆ ಇವತ್ತು ಆ ಊರಿನ ಗುರುತಾಗಿದೆ. ಪುಣೆ, ಮುಂಬೈ, ಹೈದರಾಬಾದಿನಲ್ಲಿ ಬಾಳುತ್ತಿರುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ಕೇರಳದಲ್ಲಿ ಕಪ್ಪ ಎನ್ನುವ ಮರಗೆಣಸು ಆ ನೆಲದ್ದೇ ಅಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಅದನ್ನು ಬೆಳೆಯಲು ಪ್ರೋತ್ಸಾಹ ಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಅಲ್ಲಿನ ಬಡವರ ಹೊಟ್ಟೆ ತುಂಬಿಸಿದ್ದು ಈ ಗೆಣಸು. ನಮಗೆ ಅದು ರುಚಿ ನೋಡುವ ವಸ್ತು, ಅವರ ಅಜ್ಜಿಯರಿಗೆ ಅದು ಪ್ರಾಣ ಉಳಿಸಿದ ಊಟ. ಇಷ್ಟು ಗೊತ್ತಿದ್ದರೆ ತಟ್ಟೆಯಲ್ಲಿ ಅರ್ಧ ಬಿಡಲು ಕೈ ಬರುವುದಿಲ್ಲ.

ಮೂರನೆಯ ಗುರು ಹೆಬ್ಬಾವು. ಅದು ಬೇಟೆಗೆ ಅಲೆಯುವುದಿಲ್ಲ. ರುಚಿಯಿರಲಿ ಇಲ್ಲದಿರಲಿ, ಹೆಚ್ಚಿರಲಿ ಕಡಿಮೆಯಿರಲಿ, ತಾನಾಗಿ ಬಂದದ್ದನ್ನು ಉಂಡು ಸುಮ್ಮನಿರುತ್ತದೆ. ಹೈದರಾಬಾದ್ ಕಡೆಯ ಸ್ವಾಮಿಗಳು ವ್ರತದ ಮಧ್ಯಾಹ್ನದ ಊಟಕ್ಕೆ ಭಿಕ್ಷೆ ಎನ್ನುತ್ತಾರೆ. ಎಷ್ಟು ಸರಿಯಾದ ಹೆಸರು! ಭಿಕ್ಷೆಗೆ ನಿಂತವನು ಮೆನು ಕೇಳುವಂತಿಲ್ಲ. ನಾನು ಜಾರಿಬಿದ್ದದ್ದು ಈ ಪಾಠದಲ್ಲಿ.

ಅದು ನನ್ನ ಮೂರನೆಯ ವರ್ಷ. ನಿಯಮದಲ್ಲಿ ನನ್ನಷ್ಟು ಕಟ್ಟುನಿಟ್ಟು ಯಾರೂ ಇಲ್ಲ ಎಂಬ ಜಂಬ ಒಳಗೇ ಇತ್ತು. ಎರಡು ಹೊತ್ತು ತಣ್ಣೀರು ಸ್ನಾನ, ಬರಿಗಾಲು, ಚಾಪೆಯ ಮೇಲೆ ಮಲಗುವುದು, ಒಂದೂ ತಪ್ಪಿರಲಿಲ್ಲ. ಎರುಮೇಲಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಕತ್ತಲಾಯಿತು. ರಸ್ತೆ ಬದಿಯ ಸಣ್ಣ ದೇವಸ್ಥಾನವೊಂದರ ಪಕ್ಕ ಚಪ್ಪರ ಹಾಕಿ ಯಾತ್ರಿಕರಿಗೆ ಊಟ ಹಾಕುತ್ತಿದ್ದರು. ಕೇರಳದ ಅವಿಯಲ್, ಓಲನ್, ಪಾಯಸ ಎಂದು ಮನಸ್ಸಿನಲ್ಲೇ ಎಲೆ ಹಾಕಿಕೊಂಡು ಕೂತೆ. ಬಂದದ್ದು ಕೆಂಪಕ್ಕಿಯ ಗಂಜಿ, ಜೊತೆಗೆ ಬೇಯಿಸಿದ ಹೆಸರುಕಾಳು. ಚಮಚದ ಬದಲು ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿ ಕೊಟ್ಟಿದ್ದರು. ಎರಡು ಸಲ ಬಾಯಿಗಿಟ್ಟು ಪಕ್ಕದ ಸ್ವಾಮಿಗೆ ನಗುತ್ತಾ ಹೇಳಿದೆ: "ಇದು ಜ್ವರ ಬಂದವರ ಊಟ ಸ್ವಾಮಿ." ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಗಂಜಿ ಹಾಗೇ ಬಿಟ್ಟೆ.

ಬಡಿಸುತ್ತಿದ್ದ ಮುದುಕರು ನನ್ನ ಬಟ್ಟಲು ನೋಡಿದರು, ಮುಖ ನೋಡಿದರು. ಒಳಗೆ ಹೋಗಿ ಒಂದು ಚಿಟಿಕೆ ಕಲ್ಲುಪ್ಪು ತಂದು ಬಟ್ಟಲಿನ ಪಕ್ಕ ಇಟ್ಟು ಮಲಯಾಳಂನಲ್ಲಿ ಏನೋ ಕೇಳಿದರು. ನಮ್ಮ ಗುರುಸ್ವಾಮಿಗೆ ಸ್ವಲ್ಪ ಮಲಯಾಳಂ ಬರುತ್ತಿತ್ತು. "ಉಪ್ಪು ಕಡಿಮೆಯಾಯಿತೇ ಸ್ವಾಮಿ ಅಂತ ಕೇಳ್ತಿದ್ದಾರೆ" ಎಂದರು. ನನಗೆ ತಲೆ ಎತ್ತಲು ಆಗಲಿಲ್ಲ. ಉಪ್ಪು ಹಾಕಿಕೊಂಡು ಬಟ್ಟಲು ಖಾಲಿ ಮಾಡಿದೆ. ನಾವು ಕೈ ತೊಳೆದು ಹೊರಡುವಾಗ ಆ ಮುದುಕರು ತಮ್ಮ ಹೆಂಡತಿಯ ಜೊತೆ ಪಾತ್ರೆಯ ತಳದಲ್ಲಿ ಉಳಿದಿದ್ದ ಅದೇ ಗಂಜಿಯನ್ನು ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದರು. ಅವರು ನಮಗೆ ಕೊಟ್ಟದ್ದು ತಮ್ಮ ಮನೆಯ ರಾತ್ರಿಯ ಊಟವನ್ನೇ.

ಹದಿನೆಂಟು ಮೆಟ್ಟಿಲುಗಳಲ್ಲಿ ಮೊದಲ ಐದು ಪಂಚೇಂದ್ರಿಯಗಳು ಎಂದು ಹಿರಿಯರು ಹೇಳುತ್ತಾರೆ. ಮೆಟ್ಟಿಲು ಹತ್ತುವಾಗ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೇಲಿರುತ್ತೇವೆ. ಆದರೆ ಆ ವರ್ಷ ದರ್ಶನ ಮುಗಿಸಿ ನಡಪ್ಪಂದಲ್‌ನಲ್ಲಿ ಕೂತಾಗ ನನಗೆ ಅದೇ ನೆನಪು. ನಾಲಿಗೆಗೆ ಎರಡು ಕೆಲಸ: ರುಚಿ ನೋಡುವುದು, ಮಾತಾಡುವುದು. ರುಚಿ ನೋಡುವ ನಾಲಿಗೆಯನ್ನು 41 ದಿನ ಕಾವಲು ಕಾದಿದ್ದೆ. ಮಾತಾಡುವ ನಾಲಿಗೆಗೆ ಕಾವಲೇ ಇರಲಿಲ್ಲ. ಸನ್ನಿಧಾನದಲ್ಲಿ 'ತತ್ವಮಸಿ' ಎಂದು ದೊಡ್ಡದಾಗಿ ಬರೆದಿದೆ. ಅದು ನೀನೇ ಎಂದು. ಅದು ನಾನು ಎಂದಾದರೆ ಉಪ್ಪು ತಂದಿಟ್ಟ ಆ ಮುದುಕರೂ ಅದೇ ಅಲ್ಲವೇ? ಯಾರನ್ನು ನೋಡಲು ಅಷ್ಟು ದೂರ ಹೊರಟಿದ್ದೆನೋ ಅವನ ಕೈಯ ಗಂಜಿಯನ್ನೇ ಆಡಿಕೊಂಡು ಬಂದಿದ್ದೆ.

ಪರಊರಿನಲ್ಲಿರುವ ನಮಗೆ ಇದು ಇನ್ನೂ ಚೆನ್ನಾಗಿ ತಿಳಿದಿರಬೇಕಿತ್ತು. ಆಫೀಸಿನಲ್ಲಿ ಡಬ್ಬಿ ತೆರೆದಾಗ ರಾಗಿ ಮುದ್ದೆ ನೋಡಿ "ಇದನ್ನ ಹೇಗಪ್ಪಾ ತಿಂತೀರಿ" ಎಂದು ಯಾರೋ ನಕ್ಕದ್ದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿಲ್ಲ? ಅವರು ನಕ್ಕದ್ದು ಮುದ್ದೆಗೆ, ಚುಚ್ಚಿದ್ದು ಅಮ್ಮನಿಗೆ. ಅದೇ ನಗುವನ್ನು ನಾನು ಎರುಮೇಲಿಯ ದಾರಿಗೆ ಹೊತ್ತುಕೊಂಡು ಹೋಗಿದ್ದೆ.

ಇಷ್ಟು ಓದಿ ಯಾರಾದರೂ, ಹಾಗಾದರೆ ಮನೆಯ ಬುತ್ತಿ ಕಟ್ಟಿಕೊಂಡು ಹೋಗಿ ಹೊರಗಿನದು ಮುಟ್ಟದಿರುವುದೇ ಸುರಕ್ಷಿತ ಎನ್ನಬಹುದು. ನಮ್ಮ ಗುರುಸ್ವಾಮಿ ಹಾಗೇ ಮಾಡುತ್ತಿದ್ದರು. ಒಣ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಪುಡಿ, ಅವಲಕ್ಕಿ. ನಾಲ್ಕು ದಿನ ಅಷ್ಟೇ. ಒಮ್ಮೆ ನಾನು, "ನಿಮ್ಮದು ನಿಜವಾದ ವ್ರತ ಸ್ವಾಮಿ" ಎಂದೆ. ಅವರು ನಕ್ಕುಬಿಟ್ಟರು. "ವ್ರತ ಎಲ್ಲಿ ಬಂತು? ನನಗೆ ನಮ್ಮೂರ ರೊಟ್ಟಿ ಬಿಟ್ಟರೆ ಬೇರೆ ಯಾವುದೂ ಗಂಟಲಲ್ಲಿ ಇಳಿಯಲ್ಲ. ನನ್ನ ಚಪಲವನ್ನು ನಾನು ಗಂಟು ಕಟ್ಟಿಕೊಂಡು ಬರ್ತೀನಿ, ನೀವು ದಾರಿಯಲ್ಲಿ ಹುಡುಕ್ತೀರಿ, ಅಷ್ಟೇ ವ್ಯತ್ಯಾಸ" ಎಂದರು. ತಿನ್ನುವುದರಲ್ಲಿ ಮಾತ್ರವಲ್ಲ, ಬೇಡ ಎನ್ನುವುದರಲ್ಲೂ ನಾಲಿಗೆಯ ಹಟ ಇರಬಹುದು ಎಂದು ನನಗೆ ಗೊತ್ತಾದದ್ದು ಅವರಿಂದ.

ಹಾಗಾದರೆ ಆಸೆ ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು? ನಾನು ಬಳಸುವ ಅಳತೆ ಒಂದೇ: ಸಿಗದಿದ್ದರೆ ಏನಾಗುತ್ತದೆ? ದಾವಣಗೆರೆ ರಾತ್ರಿ ಎರಡು ಗಂಟೆಗೆ ದಾಟಿತು, ಎಲ್ಲ ಬಾಗಿಲು ಹಾಕಿದೆ. ಆಗ "ಆಗಲಿ, ಮುಂದೆ ನೋಡೋಣ" ಎಂದು ಶರಣು ಕರೆದು ಮಲಗಲು ಸಾಧ್ಯವಾದರೆ ನಿಮ್ಮ ಆಸೆ ಜೇನಿನದು. ಮುಖ ಸಪ್ಪಗಾಗಿ, ಚಾಲಕನ ಮೇಲೆ ಸಿಟ್ಟು ಬಂದು, ಬೆಳಗಿನ ತನಕ ಅದೇ ಮಾತಾದರೆ ಗಾಳ ಆಗಲೇ ಒಳಗೆ ಹೋಗಿದೆ. ಅದೇ ತಿಂಡಿ, ಅದೇ ಊರು. ಬೇರೆಯವರು ಇದನ್ನು ನೋಡಿ ಹೇಳಲಾರರು, ನಿಮಗೆ ಮಾತ್ರ ಗೊತ್ತಾಗುತ್ತದೆ.

ಕೊನೆಗೆ ಆ ಕನ್ನಿಸ್ವಾಮಿಗೆ ಕೆಲವು ಮಾತು. ಪುಣೆಯಿಂದ ಪಂಪೆಗೆ 1,400 ಕಿಲೋಮೀಟರಿಗೂ ಹೆಚ್ಚು. ಸಾತಾರಾ, ಕೊಲ್ಹಾಪುರ ದಾಟಿ ನಿಪ್ಪಾಣಿ ಬಂದಾಗ ಅಂಗಡಿಗಳ ಫಲಕ ಕನ್ನಡಕ್ಕೆ ತಿರುಗುತ್ತವೆ. ಪುಣೆಯಲ್ಲೇ ಹುಟ್ಟಿ ಬೆಳೆದ ನಿಮ್ಮಂಥವರಿಗೆ ಬಹುಶಃ ಅಜ್ಜಿಯ ಊರನ್ನು ಹಗಲಿನಲ್ಲಿ ನೋಡುವ ಅವಕಾಶ ಇದೊಂದೇ. ಅಲ್ಲಿ ಇಳಿಯಿರಿ, ಕನ್ನಡದಲ್ಲಿ ಕೇಳಿ ತಿನ್ನಿ. ಬೆಳಗಾವಿಯ ಕುಂದಾ, ಧಾರವಾಡದ ಪೇಡ ಒಂದೊಂದು ಪೊಟ್ಟಣ ತೆಗೆದುಕೊಂಡು ಹನ್ನೆರಡು ಜನ ಹಂಚಿಕೊಳ್ಳಿ. ದೋಸೆ ಹೇಳುವ ಮೊದಲೇ ಪಲ್ಯದಲ್ಲಿ ಈರುಳ್ಳಿ ಇದೆಯೇ ಕೇಳಿ; ಇದ್ದರೆ ದೋಸೆ ಚಟ್ನಿ ಸಾಕು ಎನ್ನಿ, ತಟ್ಟೆಗೆ ಬಂದ ಮೇಲೆ ಗಲಾಟೆ ಮಾಡಬೇಡಿ. ಚಟ್ನಿಯ ವಿಷಯವನ್ನೂ ಆಗಲೇ ಕೇಳಿ. ವಾಳಯಾರ್ ದಾಟಿ ಪಾಲಕ್ಕಾಡಿಗೆ ಬಂದ ಮೇಲೆ ಹೋಟೆಲಿನಲ್ಲಿ ನಸುಗೆಂಪು ಬಣ್ಣದ ಬಿಸಿನೀರು ಕೊಟ್ಟರೆ ಗಾಬರಿ ಬೇಡ, ಅದು ಪದಿಮುಖದ ಚಕ್ಕೆ ಹಾಕಿ ಕುದಿಸಿದ ನೀರು. ಬೆಟ್ಟ ಹತ್ತುವಾಗ ಕೊಡುವ ಶುಂಠಿಯ ನೀರೂ ಅದರ ಬಂಧುವೇ. ಬಡಿಸುವವರಿಗೆ ಸಾಕು ಎನ್ನಲು ಮಲಯಾಳಂನಲ್ಲಿ 'ಮದಿ' ಎಂದರೆ ಆಯಿತು, ವಂದನೆಗೆ 'ನನ್ನಿ'. ಈ ಎರಡು ಪದ ಕಲಿತು ಹೋಗಿ. ಗಾಡಿಯಲ್ಲಿ ಯಾರಿಗೆ ಯಾವ ಹೊತ್ತಿಗೆ ಊಟ ಬೇಕೇಬೇಕು ಎಂದು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ತಿಂಡಿಗಳ ಪಟ್ಟಿ ಅದರ ಕೆಳಗೆ ಬರಲಿ.

ಆಸೆಪಡುವುದು ತಪ್ಪಾ ಎಂದು ಕೇಳಿದಿರಿ. ತಪ್ಪಲ್ಲ ಸ್ವಾಮಿ. ಎಲ್ಲೋ ಒಂದು ಕಡೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಊಟ ಬರುತ್ತದೆ, ನೀವು ಕೇಳಿರದ ಊಟ, ಬಹುಶಃ ಒಂದು ಬಟ್ಟಲು ಗಂಜಿ. ಅದನ್ನು ಪೂರ್ತಿ ಉಂಡು ಬನ್ನಿ. ಉಪ್ಪು ಬೇಕಿದ್ದರೆ ಕೇಳಿ.

ಸ್ವಾಮಿಯೇ ಶರಣಂ ಅಯ್ಯಪ್ಪ.